ಸ್ಲೈಡ್ ನೋಡಿ ಫೋನ್ ಮಾಡುವ ಲ್ಯಾಬ್

ಹುಬ್ಬಳ್ಳಿ ವಿದ್ಯಾನಗರದಲ್ಲಿ, ಮೇನ್ ರೋಡಿನಿಂದ ಸ್ವಲ್ಪ ಒಳಗೆ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿರುವ ಈ ಲ್ಯಾಬಿಗೆ ನಾನು ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೇನೆ. ನೋಡಲು ದೊಡ್ಡದೇನಲ್ಲ. ಎರಡು ರೂಮು, ಗೋಡೆಗೆ ಹಚ್ಚಿದ ಒಂದು ಬೆಂಚು, ಮೇಲೊಂದು ಫ್ಯಾನು. ಬೆಳಿಗ್ಗೆ ಹೋದರೆ ಶುಗರ್ ಟೆಸ್ಟಿಗೆ ಬರಿ ಹೊಟ್ಟೆಯಲ್ಲಿ ಬಂದವರಿಂದ ಬೆಂಚು ತುಂಬಿರುತ್ತದೆ. ಆದರೆ ಇಲ್ಲಿನ ಪೆಥಾಲಜಿ ಡಾಕ್ಟರ್ ಮೇಡಂ ಒಂದು ಕೆಲಸ ಮಾಡುತ್ತಾರೆ. ಮಷೀನ್ ಕೊಟ್ಟ ನಂಬರ್ ಎಲ್ಲೋ ತಪ್ಪುತ್ತಿದೆ ಅನ್ನಿಸಿದರೆ, ರಕ್ತದ ಒಂದು ಹನಿಯನ್ನು ಗಾಜಿನ ಸ್ಲೈಡಿನ ಮೇಲೆ ಸವರಿಸಿ, ತಾವೇ ಮೈಕ್ರೋಸ್ಕೋಪಿನ ಮುಂದೆ ಕೂತು ನೋಡುತ್ತಾರೆ. ನೋಡಿದ ಮೇಲೆ ರಿಪೋರ್ಟ್ ಪ್ರಿಂಟ್ ತೆಗೆದು ಸುಮ್ನೆ ಇರುವುದಿಲ್ಲ, ಫೋನ್ ಮಾಡುತ್ತಾರೆ. ನನ್ನ ಮಗಳಿಗೆ ಅಪ್ಲಾಸ್ಟಿಕ್ ಅನೀಮಿಯಾ, ಅಂದರೆ ಎಲುಬಿನ ಮಜ್ಜೆ ರಕ್ತ ತಯಾರಿಸುವುದನ್ನೇ ನಿಲ್ಲಿಸುವ ರೋಗ, ಇರಬಹುದು ಅಂತ ಮೊದಲು ಸುಳಿವು ಸಿಕ್ಕಿದ್ದು ಆ ಫೋನಿನಲ್ಲೇ.

ನಾನು ಹಳೇ ಹುಬ್ಬಳ್ಳಿಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ನಡೆಸುತ್ತೇನೆ. ಮಗಳಿಗೆ 19 ವರ್ಷ, ಬಿಕಾಂ ಓದುತ್ತಾಳೆ. ಕಾಲೇಜಿನಿಂದ ಬಂದ ಮೇಲೆ ಹುಕ್ ಹಚ್ಚುವುದು, ಕೈಹೊಲಿಗೆ ಹಾಕುವುದು ಅವಳ ಪಾಲಿನ ಕೆಲಸ. ಕಳೆದ ವರ್ಷ ಶ್ರಾವಣದ ಹೊತ್ತಿಗೆ, ಖಣದ ಬ್ಲೌಸಿನ ಆರ್ಡರ್ ಜಾಸ್ತಿ ಇದ್ದಾಗ, ಅವಳು ಮನೆಯ ಮೆಟ್ಟಿಲು ಹತ್ತಿ ಬಂದರೂ ಏದುಸಿರು ಬಿಡುತ್ತಿದ್ದಳು. ಮುಟ್ಟು ಐದು ದಿನಕ್ಕೆ ನಿಲ್ಲುತ್ತಿದ್ದದ್ದು ಹತ್ತು ದಿನವಾದರೂ ನಿಲ್ಲಲಿಲ್ಲ. ತೊಡೆಯ ಮೇಲೆ, ಮಷೀನಿನ ಟೇಬಲ್ ಅಂಚು ತಾಗುವ ಜಾಗದಲ್ಲಿ, ನೀಲಿ ಕಲೆಗಳು. ಒಂದು ಸಂಜೆ ಹೆಬ್ಬೆರಳಿಗೆ ಸೂಜಿ ಚುಚ್ಚಿತು. ನಮ್ಮ ಕೆಲಸದಲ್ಲಿ ಸೂಜಿ ಚುಚ್ಚುವುದು ದಿನದ ಮಾತು. ಬೆರಳು ಬಾಯಲ್ಲಿಟ್ಟುಕೊಂಡರೆ ನಿಂತು ಹೋಗುತ್ತದೆ. ಅವತ್ತು ನಿಲ್ಲಲಿಲ್ಲ. ಬಟ್ಟೆಯ ತುಂಡು ಸುತ್ತಿ ಕಟ್ಟಿದರೂ ಅದು ಮತ್ತೆ ಮತ್ತೆ ಒದ್ದೆಯಾಗುತ್ತಿತ್ತು.

ಓಣಿಯವರೆಲ್ಲ ಹೇಳಿದ್ದು ಒಂದೇ ಮಾತು: "ರಕ್ತ ಕಡಿಮಿ ಆಗೇತ್ರಿ ಹುಡುಗಿಗೆ." ಕಬ್ಬಿಣದ ಮಾತ್ರೆ ಬರೆದುಕೊಟ್ಟಿದ್ದರು. ಖರ್ಜೂರ, ಬೀಟ್‌ರೂಟ್, ನುಗ್ಗೆ ಸೊಪ್ಪು ಎಲ್ಲ ನಡೆದಿತ್ತು. ಊರಿನ ಬೇರೊಂದು ಲ್ಯಾಬಿನಲ್ಲಿ ಸಿಬಿಸಿ, ಅಂದರೆ ರಕ್ತಕಣಗಳನ್ನು ಲೆಕ್ಕ ಹಾಕುವ ಟೆಸ್ಟ್, ಮಾಡಿಸಿದೆವು. ಹಿಮೋಗ್ಲೋಬಿನ್ 7.4, ಬಿಳಿ ರಕ್ತಕಣ 2,300, ಪ್ಲೇಟ್‌ಲೆಟ್ 31,000 (ಗಾಯದಲ್ಲಿ ರಕ್ತ ಹೆಪ್ಪುಗಟ್ಟಿಸುವ ಕಣ ಇದು). ಮೂರರ ಪಕ್ಕದಲ್ಲೂ ಕಡಿಮೆ ಅಂತ ಗುರುತು. ಕೌಂಟರಿನಲ್ಲಿ ಕವರ್ ಕೈಗಿಟ್ಟು ಮುಂದಿನವರನ್ನು ಕರೆದರು. ಊರ ತುಂಬ ಡೆಂಗ್ಯೂ ಇದ್ದ ಸಮಯ. ಪ್ಲೇಟ್‌ಲೆಟ್ ಕಡಿಮೆ ಅಂದರೆ ಡೆಂಗ್ಯೂ ಅಂತಲೇ ಎಲ್ಲರ ಲೆಕ್ಕ. ಡೆಂಗ್ಯೂ ಟೆಸ್ಟ್ ನೆಗೆಟಿವ್ ಬಂತು. ಹಾಗಾದರೆ ಏನು ಅಂತ ಹೇಳುವವರು ಯಾರೂ ಇರಲಿಲ್ಲ.

ನಮ್ಮ ಗಿರಾಕಿಯೊಬ್ಬರು ಹೇಳಿದ ಮೇಲೆ ಈ ಲ್ಯಾಬಿಗೆ ಬಂದೆವು.

ರಕ್ತ ತೆಗೆಯುವ ಹುಡುಗಿಯ ಕೈ ಹಗುರ. ಅವಳು ಸಣ್ಣ ಸೂಜಿ ಹಾಕಿ, ನೇರಳೆ ಮುಚ್ಚಳದ ಟ್ಯೂಬಿಗೆ ರಕ್ತ ತೆಗೆದು, ಅಲುಗಾಡಿಸದೆ ಮೆಲ್ಲಗೆ ತಲೆಕೆಳಗು ಮಾಡಿ ಮಾಡಿ ಕಲಸಿದಳು. ಹಾಗೆ ಕಲಸದಿದ್ದರೆ ರಕ್ತ ಗಂಟು ಕಟ್ಟಿ ಪ್ಲೇಟ್‌ಲೆಟ್ ಲೆಕ್ಕ ತಪ್ಪು ಬರುತ್ತದಂತೆ. ಹತ್ತಿ ಇಟ್ಟು ಎದ್ದು ಹೋಗಲು ಬಿಡಲಿಲ್ಲ. ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಒತ್ತಿ ಹಿಡಿಸಿದಳು. ಅಷ್ಟರಲ್ಲಿ ಮೇಡಂ ಹೊರಗೆ ಬಂದು ಹಳೆಯ ರಿಪೋರ್ಟ್ ಕೇಳಿದರು. ನಿಂತಲ್ಲೇ ಓದಿ, ಮಗಳ ಕೆಳಗಣ್ಣಿನ ರೆಪ್ಪೆ ಎಳೆದು ನೋಡಿದರು. ಕಾಲಿನ ಮೇಲೆ ಸಾಸಿವೆ ಕಾಳಿಗಿಂತ ಸಣ್ಣ ಕೆಂಪು ಚುಕ್ಕೆಗಳಿದ್ದವು. ನಾವು ಸೊಳ್ಳೆ ಕಡಿತ ಅಂದುಕೊಂಡಿದ್ದೆವು. ಮೇಡಂ ಬೆರಳಿನಿಂದ ಒತ್ತಿದರು, ಚುಕ್ಕೆ ಮಾಯವಾಗಲಿಲ್ಲ. ಚರ್ಮದೊಳಗೇ ರಕ್ತ ಸೋರಿದರೆ ಹೀಗೆ ಒತ್ತಿದರೂ ಹೋಗುವುದಿಲ್ಲ ಅಂದರು.

ಆಮೇಲೆ ಪ್ರಶ್ನೆ ಶುರುವಾದವು. ಜ್ವರ ಬಂದಿತ್ತಾ? ಎರಡು ಮೂರು ತಿಂಗಳ ಹಿಂದೆ ಕಾಮಾಲೆ ಆಗಿತ್ತಾ? ಫಿಟ್ಸ್ ಮಾತ್ರೆ, ನೋವಿನ ಮಾತ್ರೆ ಏನಾದರೂ ನಡೆದಿದೆಯಾ? ಹೊಲಕ್ಕೆ ಔಷಧಿ ಹೊಡೆಯುವಲ್ಲಿ ಇದ್ದಳಾ? ಪೇಂಟು, ಪೆಟ್ರೋಲು, ಥಿನ್ನರ್ ಜೊತೆ ಕೆಲಸ ಇದೆಯಾ? ಮನೆತನದಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೆ ರಕ್ತದ ಕಾಯಿಲೆ ಬಂದಿತ್ತಾ? 300 ರೂಪಾಯಿಯ ಟೆಸ್ಟಿಗೆ ಬಂದವರ ಹತ್ತಿರ ಇಷ್ಟು ಕೇಳುವವರನ್ನು ನಾನು ಬೇರೆಲ್ಲೂ ನೋಡಿಲ್ಲ. ಪ್ರತಿ ಪ್ರಶ್ನೆಗೂ ಒಂದು ಕಾರಣ ಇತ್ತು ಅಂತ ಆಮೇಲೆ ಗೊತ್ತಾಯಿತು.

ಫೋನ್ ಬಂದಿದ್ದು ಅದೇ ಸಂಜೆ. ಹಿಮೋಗ್ಲೋಬಿನ್ 6.9, ಬಿಳಿ ಕಣ 1,900, ಪ್ಲೇಟ್‌ಲೆಟ್ 18,000. ಮೇಡಂ ಅವಸರ ಮಾಡಲಿಲ್ಲ, ಒಂದೊಂದಾಗಿ ಹೇಳಿದರು. ಪ್ಲೇಟ್‌ಲೆಟ್ ನಿಜವಾಗಿಯೂ ಕಡಿಮೆ ಇದೆ, ಸ್ಲೈಡಿನಲ್ಲಿ ಹುಡುಕಿ ನೋಡಿದೆ, ಗುಂಪು ಕಟ್ಟಿ ಮಷೀನನ್ನು ಮೋಸ ಮಾಡಿಲ್ಲ. ಬಿಳಿ ಕಣಗಳಲ್ಲಿ ಸೋಂಕಿನ ಜೊತೆ ಹೋರಾಡುವ ನ್ಯೂಟ್ರೋಫಿಲ್ ಬರೀ 420. ಬ್ಲಡ್ ಕ್ಯಾನ್ಸರಿನಲ್ಲಿ ಕಾಣುವ ಎಳೆಯ ಕಣಗಳು ಸ್ಲೈಡಿನಲ್ಲಿ ಇಲ್ಲ. ಕೆಂಪು ಕಣಗಳು ನೋಡಲು ಚೆನ್ನಾಗೇ ಇವೆ, ಸ್ವಲ್ಪ ದೊಡ್ಡವೇ ಇವೆ, ಆದರೆ ಸಂಖ್ಯೆ ಇಲ್ಲ.

ಈ ಕೊನೆಯ ಮಾತನ್ನು ಅವರು ಬಿಡಿಸಿ ಹೇಳಿದ್ದು ನನಗೆ ಇನ್ನೂ ಉಪಯೋಗಕ್ಕೆ ಬರುತ್ತಿದೆ. ಕಬ್ಬಿಣ ಕಡಿಮೆಯಾಗಿ ರಕ್ತ ಇಳಿದಿದ್ದರೆ ಕೆಂಪು ಕಣಗಳು ಸಣ್ಣದಾಗಿ, ಬಿಳಚಿಕೊಂಡು ಇರುತ್ತವೆ. ರಿಪೋರ್ಟಿನಲ್ಲಿ ಎಂಸಿವಿ ಅನ್ನುವ ಸಾಲು ಅದನ್ನೇ ಹೇಳುತ್ತದೆ, ಅದು 80ಕ್ಕಿಂತ ಕೆಳಗೆ ಬರಬೇಕಿತ್ತು. ಮಗಳದ್ದು 102. ಕಬ್ಬಿಣದ ಕೊರತೆಯಲ್ಲಿ ಪ್ಲೇಟ್‌ಲೆಟ್ ಹೀಗೆ ನೆಲ ಕಚ್ಚುವುದಿಲ್ಲ, ಎಷ್ಟೋ ಸಲ ಮೇಲೇ ಇರುತ್ತದೆ. ಡೆಂಗ್ಯೂ ಅಂದರೂ ಹೊಂದುವುದಿಲ್ಲ. ಡೆಂಗ್ಯೂದಲ್ಲಿ ಜ್ವರ ಬರುತ್ತದೆ, ಪ್ಲೇಟ್‌ಲೆಟ್ ಕೆಲವು ದಿನ ಇಳಿದು ತಾನೇ ಏರುತ್ತದೆ, ರಕ್ತ ತೆಳ್ಳಗಾಗುವ ಬದಲು ಗಟ್ಟಿಯಾಗುತ್ತದೆ. ಹಿಮೋಗ್ಲೋಬಿನ್ 7ಕ್ಕೆ ಬಂದಿದೆ, ಜ್ವರ ಇಲ್ಲ, ಮೂರೂ ಒಟ್ಟಿಗೆ ಇಳಿಯುತ್ತಲೇ ಇವೆ ಅಂದರೆ ಕಾರಣವನ್ನು ಬೇರೆ ಕಡೆ ಹುಡುಕಬೇಕು.

ಅದಕ್ಕಾಗಿ ನಮ್ಮನ್ನು ಕೇಳಿ, ಅದೇ ರಕ್ತದಲ್ಲಿ ಇನ್ನೊಂದು ಟೆಸ್ಟ್ ಮಾಡಿದ್ದರು. ರೆಟಿಕ್ಯುಲೋಸೈಟ್ ಅಂತ. ಈಗಷ್ಟೇ ತಯಾರಾಗಿ ರಕ್ತಕ್ಕೆ ಬಂದ ಹೊಸ ಕೆಂಪು ಕಣಗಳ ಲೆಕ್ಕ ಅದು. ರಕ್ತ ಕಡಿಮೆಯಾದಾಗ ದೇಹ ಹೊಸ ಕಣಗಳನ್ನು ಜಾಸ್ತಿ ಹೊರಗೆ ಕಳಿಸಬೇಕು. ನಮ್ಮ ಹುಡುಗಿಯಲ್ಲಿ ಬಂದಿದ್ದು 0.3 ಪರ್ಸೆಂಟ್. ಅಂದರೆ ರಕ್ತ ಎಲ್ಲೋ ಸೋರಿ ಹೋಗುತ್ತಿರುವುದಷ್ಟೇ ಅಲ್ಲ, ತಯಾರಾಗುವುದೇ ನಿಂತಿದೆ.

"ಇಲ್ಲಿಂದ ನಾನು ರೋಗದ ಹೆಸರು ಹೇಳುವುದು ಸರಿಯಲ್ಲ. ಬಿ12 ಕೊರತೆಯಲ್ಲೂ ಮೂರೂ ಇಳಿಯಬಹುದು, ಅದಕ್ಕೂ ಸ್ಯಾಂಪಲ್ ಕಳಿಸುತ್ತೇನೆ. ಆದರೆ ಅದರ ದಾರಿ ಕಾಯಬೇಡಿ. ನಾಳೆಯೇ ದೊಡ್ಡ ಆಸ್ಪತ್ರೆಗೆ ಹೋಗಿ, ಬೋನ್ ಮ್ಯಾರೋ, ಅಂದರೆ ಎಲುಬಿನ ಮಜ್ಜೆಯ ಟೆಸ್ಟ್ ಆಗಬೇಕು" ಅಂದರು. ಪತ್ರ ಬರೆದಿಟ್ಟಿದ್ದರು. ಆ ರಾತ್ರಿಗೆ ಏನು ಮಾಡಬೇಕು, ಏನು ಮಾಡಬಾರದು ಅಂತಲೂ ಹೇಳಿದರು. ಆಸ್ಪಿರಿನ್, ಬ್ರೂಫೆನ್ ಜಾತಿಯ ನೋವಿನ ಮಾತ್ರೆ ಬೇಡ. ಸೊಂಟಕ್ಕೆ, ತೋಳಿಗೆ ಇಂಜೆಕ್ಷನ್ ಹಾಕಿಸಬೇಡಿ. ಮೆತ್ತನೆಯ ಬ್ರಶ್ ಬಳಸಿ. ಜ್ವರ 100.4 ದಾಟಿದರೆ ಬೆಳಗಾಗಲಿ ಅಂತ ಕೂರಬೇಡಿ, ನಡುರಾತ್ರಿ ಆದರೂ ಕ್ಯಾಜುವಲ್ಟಿಗೆ ಹೋಗಿ, ನ್ಯೂಟ್ರೋಫಿಲ್ ಇಷ್ಟು ಕಡಿಮೆ ಇದ್ದಾಗ ಸೋಂಕು ಗಂಟೆಗಳಲ್ಲೇ ಏರುತ್ತದೆ.

ಬೋನ್ ಮ್ಯಾರೋ ಟೆಸ್ಟನ್ನು ಆಸ್ಪತ್ರೆಯಲ್ಲಿ ಮಾಡಿದರು. ಸೊಂಟದ ಹಿಂಬದಿಯ ಎಲುಬಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಮೊದಲು ಮಜ್ಜೆಯನ್ನು ಸಿರಿಂಜಿನಲ್ಲಿ ಎಳೆದರು. ಆಮೇಲೆ ದಪ್ಪ ಸೂಜಿಯಿಂದ ಎಲುಬಿನ ಕಡ್ಡಿಯಂಥ ಒಂದು ಚೂರು ತೆಗೆದರು. ಎರಡೂ ಬೇಕು. ಮಜ್ಜೆಯೊಳಗೆ ಎಷ್ಟು ಜಾಗದಲ್ಲಿ ಜೀವಕಣ ಇದೆ, ಎಷ್ಟು ಜಾಗ ಬರೀ ಕೊಬ್ಬು ಅನ್ನುವುದು ಆ ಚೂರಿನಲ್ಲೇ ಸರಿಯಾಗಿ ಕಾಣುವುದು. ನಮ್ಮ ಹುಡುಗಿಯದರಲ್ಲಿ ಹೆಚ್ಚುಕಡಿಮೆ ಎಲ್ಲ ಕೊಬ್ಬೇ ಇತ್ತು. ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಮೂರೂ ಹುಟ್ಟುವುದು ಮಜ್ಜೆಯ ಮೂಲಕಣಗಳಿಂದ. ನನಗೆ ಅರ್ಥವಾಗಿದ್ದು ಹೀಗೆ: ಅಂಗಡಿ ಬಾಗಿಲು ತೆರೆದಿದೆ, ಬಟ್ಟೆ ಇದೆ, ದಾರ ಇದೆ, ಮಷೀನಿನ ಮುಂದೆ ಕೂರುವ ಕೆಲಸದವರೇ ಇಲ್ಲ. ಕಬ್ಬಿಣದ ಮಾತ್ರೆ ಕೊಡುವುದು ಅಂದರೆ ಅಂಥ ಅಂಗಡಿಗೆ ಇನ್ನೊಂದು ತಾನು ಬಟ್ಟೆ ತಂದು ಹಾಕಿದ ಹಾಗೆ.

ಕೆಲಸದವರು ಎಲ್ಲಿ ಹೋದರು? ಹೆಚ್ಚಿನವರಲ್ಲಿ ದೇಹವನ್ನು ಕಾಯಬೇಕಾದ ಟಿ ಕಣಗಳೇ ತಿರುಗಿಬಿದ್ದು ಮೂಲಕಣಗಳನ್ನು ಕೊಲ್ಲುತ್ತವೆ. ಹಾಗೆ ಯಾಕೆ ತಿರುಗಿಬಿದ್ದವು ಅನ್ನುವುದಕ್ಕೆ ಬಹಳ ಜನರಲ್ಲಿ ಕಾರಣ ಸಿಗುವುದೇ ಇಲ್ಲ. ಕೆಲವರಿಗೆ ಕಾಮಾಲೆ ಬಂದು ಹೋದ ಕೆಲವು ತಿಂಗಳಿಗೆ ಶುರುವಾಗುತ್ತದೆ. ಕ್ಲೋರಾಂಫೆನಿಕಾಲ್ ಅನ್ನುವ ಹಳೆಯ ಆಂಟಿಬಯಾಟಿಕ್, ಫಿಟ್ಸಿಗೆ ಕೊಡುವ ಕೆಲವು ಮಾತ್ರೆ, ಪೆಟ್ರೋಲಿನಲ್ಲಿರುವ ಬೆಂಜೀನ್, ಕೆಲವು ಕೀಟನಾಶಕಗಳ ಜೊತೆಗೂ ಇದರ ನಂಟು ಹೇಳುತ್ತಾರೆ. ಮೇಡಂ ಅವತ್ತು ಕೇಳಿದ ಪ್ರಶ್ನೆಗಳೆಲ್ಲ ಇದಕ್ಕೇ. ನಮ್ಮಲ್ಲಿ ಯಾವುದಕ್ಕೂ ಹೌದು ಅನ್ನುವ ಉತ್ತರ ಇರಲಿಲ್ಲ. ಹುಟ್ಟಿನಿಂದ ಬರುವ ಫ್ಯಾಂಕೋನಿ ಅನೀಮಿಯಾ ಅಂತ ಒಂದಿದೆ, ಅದರ ಟೆಸ್ಟೂ ಆಯಿತು, ಅದಲ್ಲ. ಬಿ12 ಕೂಡ ಸರಿಯಾಗೇ ಇತ್ತು.

ಕೊರೊನಾ ಆದ ಮೇಲೆ ಹುಟ್ಟಿದ ಹೊಸ ರೋಗನಾ ಇದು ಅಂತ ನಮ್ಮ ಯಜಮಾನರು ಮೇಡಂ ಹತ್ತಿರ ಕೇಳಿದರು. ಓಣಿಯಲ್ಲಿ ಯಾರೋ ಹಾಗೆ ತಲೆಗೆ ಹಾಕಿದ್ದರು. 1888ರಲ್ಲೇ ಜರ್ಮನಿಯ ಪಾಲ್ ಎರ್ಲಿಕ್ ಅನ್ನುವ ವಿಜ್ಞಾನಿ ಇದನ್ನು ಬರೆದಿಟ್ಟಿದ್ದಾರೆ, 1904ರಲ್ಲಿ ಈ ಹೆಸರು ಬಂತು ಅಂತ ಮೇಡಂ ಹೇಳಿದರು. ರೋಗ ಅಪರೂಪ. ಪಶ್ಚಿಮದ ದೇಶಗಳಲ್ಲಿ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಸುಮಾರು ಇಬ್ಬರಿಗೆ ಬಂದರೆ, ಏಷ್ಯಾದಲ್ಲಿ ಅದರ ಎರಡು ಮೂರು ಪಟ್ಟು. ಹರೆಯದಲ್ಲಿ ಒಮ್ಮೆ, ಅರವತ್ತು ದಾಟಿದವರಲ್ಲಿ ಇನ್ನೊಮ್ಮೆ ಜಾಸ್ತಿ ಕಾಣುತ್ತದೆ. ಹೀಗಾಗಿಯೇ ಇದರ ಆರಂಭ ಕಣ್ಣಿಗೆ ಬೀಳುವುದು ಕಷ್ಟ. ವಯಸ್ಸಿಗೆ ಬಂದ ಹುಡುಗಿ ಸುಸ್ತು ಅಂದರೆ ಯಾರು ಬೇರೆ ಯೋಚನೆ ಮಾಡುತ್ತಾರೆ? ಮುಟ್ಟು ಜಾಸ್ತಿ ಹೋಗಿ ರಕ್ತ ಕಡಿಮೆಯಾಗಿದೆ ಅಂತಾರೆ. ಇಲ್ಲಿ ಪ್ಲೇಟ್‌ಲೆಟ್ ಇಲ್ಲದ್ದಕ್ಕೆ ಮುಟ್ಟು ನಿಲ್ಲುತ್ತಿರಲಿಲ್ಲ.

ಇನ್ನೊಂದು ವಿಷಯ. ಕೆಂಪು ಕಣದ ಆಯುಷ್ಯ ಸುಮಾರು 120 ದಿನ. ತಯಾರಿಕೆ ನಿಂತರೂ ಹಳೆಯ ಕಣಗಳು ಓಡಾಡುತ್ತಾ ಇರುತ್ತವೆ, ಹಿಮೋಗ್ಲೋಬಿನ್ ನಿಧಾನ ಇಳಿಯುತ್ತದೆ, ದೇಹ ಆ ಸುಸ್ತಿಗೆ ಒಗ್ಗಿಕೊಂಡು ಬಿಡುತ್ತದೆ. ಪ್ಲೇಟ್‌ಲೆಟ್ ಬದುಕುವುದು 7ರಿಂದ 10 ದಿನ. ನ್ಯೂಟ್ರೋಫಿಲ್ ಅಂತೂ ಇನ್ನೂ ಕಡಿಮೆ. ಅದಕ್ಕೇ ನೀಲಿ ಕಲೆ, ಒಸಡಿನ ರಕ್ತ, ನಿಲ್ಲದ ಮುಟ್ಟು, ಮತ್ತೆ ಮತ್ತೆ ಬರುವ ಗಂಟಲು ನೋವು ಎಷ್ಟೋ ಸಲ ಬಿಳಚುವಿಕೆಗಿಂತ ಮೊದಲೇ ಕಾಣುತ್ತವೆ. ನಾನು ಈಗ ಅಂಗಡಿಗೆ ಬರುವ ಹುಡುಗಿಯರ ಅಳತೆ ತೆಗೆಯುವಾಗ ತೋಳಿನ ಮೇಲೆ ಕಲೆ ಕಂಡರೆ ಕೇಳಿಯೇ ಕೇಳುತ್ತೇನೆ. ಹೆಚ್ಚಿನ ಸಲ ಏನೂ ಇರುವುದಿಲ್ಲ, ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದೂ ಇಲ್ಲ.

ರೋಗ ತೀವ್ರ ಮಟ್ಟದ್ದು ಅಂತ ಬರೆದರು. ನ್ಯೂಟ್ರೋಫಿಲ್ 500ಕ್ಕಿಂತ ಕಡಿಮೆ, ಪ್ಲೇಟ್‌ಲೆಟ್ 20,000ಕ್ಕಿಂತ ಕಡಿಮೆ, ಮಜ್ಜೆಯಲ್ಲಿ ಜೀವಕಣ ಕಾಲು ಭಾಗವೂ ಇಲ್ಲ ಅಂದರೆ ಹಾಗೆ ಬರೆಯುತ್ತಾರೆ. ಚಿಕ್ಕ ವಯಸ್ಸಿನವರಿಗೆ ಒಡಹುಟ್ಟಿದವರ ಮಜ್ಜೆ ಹೊಂದಿದರೆ ಅದನ್ನು ಕಸಿ ಮಾಡುವುದೇ ಮೊದಲ ದಾರಿ. ಒಬ್ಬೊಬ್ಬ ಅಣ್ಣ ತಮ್ಮ ಅಕ್ಕ ತಂಗಿಯೂ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮಗನದು ಹೊಂದಲಿಲ್ಲ. ಬೆಂಗಳೂರಿನಲ್ಲಿ ಎಟಿಜಿ ಕೊಡಿಸಿದೆವು, ಜೊತೆಗೆ ಟಿ ಕಣಗಳನ್ನೇ ಹಿಡಿದಿಡುವ ಸೈಕ್ಲೋಸ್ಪೋರಿನ್ ಮತ್ತು ಮೂಲಕಣಗಳಿಗೆ ಚುರುಕು ಕೊಡುವ ಎಲ್ಟ್ರೋಂಬೊಪಾಗ್ ಮಾತ್ರೆ. ಎಟಿಜಿ ಕುದುರೆಯ ರಕ್ತದಿಂದ ತಯಾರಾಗುವ ಔಷಧಿ, ತಿರುಗಿಬಿದ್ದ ಟಿ ಕಣಗಳನ್ನು ಅದು ಅಡಗಿಸುತ್ತದೆ. ಫಲ ಕಾಣಲು ಮೂರು ತಿಂಗಳಿಂದ ಆರು ತಿಂಗಳು ಬೇಕು. ಆ ಕಾಯುವ ತಿಂಗಳುಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ರಕ್ತದ ವಿಷಯದಲ್ಲೂ ಮೇಡಂ ಹೇಳಿದ ಒಂದು ಮಾತು ನಮ್ಮನ್ನು ಕಾಪಾಡಿತು. ಮೊದಲ ದಿನವೇ ನಮ್ಮ ಅಣ್ಣ, ನನ್ನ ಮಗ, ಯಜಮಾನರು ಎಲ್ಲ ರಕ್ತ ಕೊಡಲು ಅಂಗಿಯ ತೋಳು ಮಡಚಿ ನಿಂತಿದ್ದರು. ಮನೆಯವರ ರಕ್ತ ಬೇಡ ಅಂದರು ಮೇಡಂ. ಮುಂದೆ ಕಸಿ ಮಾಡುವ ಪ್ರಸಂಗ ಬಂದರೆ, ಮನೆಯವರ ರಕ್ತ ಮೊದಲೇ ಏರಿಸಿದ್ದರೆ ದೇಹ ಆ ಮಜ್ಜೆಯನ್ನು ಒಪ್ಪದೆ ಹೋಗಬಹುದು. ಬಿಳಿ ಕಣ ಸೋಸಿ ತೆಗೆದ, ಇರ‍್ರೇಡಿಯೇಶನ್ (ವಿಕಿರಣ ಹಾಯಿಸುವುದು) ಮಾಡಿದ ರಕ್ತವೇ ಬೇಕು ಅಂತ ಆಸ್ಪತ್ರೆಯಲ್ಲಿ ಕೇಳಿ ಅಂತ ಪತ್ರದಲ್ಲೇ ಬರೆದಿದ್ದರು. ಪ್ಲೇಟ್‌ಲೆಟ್ ಐದು ದಿನಕ್ಕಿಂತ ಜಾಸ್ತಿ ಇಡಲು ಬರುವುದಿಲ್ಲ, ಫ್ರಿಜ್ಜಿನಲ್ಲೂ ಅಲ್ಲ, 20ರಿಂದ 24 ಡಿಗ್ರಿಯಲ್ಲಿ ಅಲುಗಾಡಿಸುತ್ತಲೇ ಇಡಬೇಕು. ಅಂದರೆ ದಾನಿಗಳು ವರ್ಷವಿಡೀ ಬೇಕು. ಮುಖ ಪರಿಚಯವೂ ಇಲ್ಲದ ಹುಡುಗರು ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಬಂದು ಮಷೀನಿನ ಪಕ್ಕ ಗಂಟೆಗೂ ಮೇಲೆ ಮಲಗಿ ಪ್ಲೇಟ್‌ಲೆಟ್ ಕೊಟ್ಟು ಹೋಗಿದ್ದಾರೆ. ಅವರಿಗೆ ನಾನು ಋಣಿ.

ಈಗ ನಾವು ಸಿಬಿಸಿಗೆ ಇದೇ ಲ್ಯಾಬಿಗೆ ಬರುತ್ತೇವೆ. ಮಗಳನ್ನು ಬೆಂಚಿನ ಗದ್ದಲದಲ್ಲಿ ಕೂರಿಸುವುದಿಲ್ಲ. ನ್ಯೂಟ್ರೋಫಿಲ್ ಕಡಿಮೆ ಇದ್ದವರು ಕೆಮ್ಮುವವರ ನಡುವೆ ಕೂರಬಾರದು ಅಂತ ನೇರ ಒಳಗೆ ಕರೆಯುತ್ತಾರೆ. ರಕ್ತ ತೆಗೆಯುವ ಹುಡುಗಿ ಮಾಸ್ಕ್ ಹಾಕಿ, ಕೈ ತೊಳೆದು, ಹೊಸ ಗ್ಲೌಸ್ ಹಾಕಿಕೊಂಡೇ ಬರುತ್ತಾಳೆ. ಕೈಯ ನರಗಳು ಚುಚ್ಚಿ ಚುಚ್ಚಿ ಸೋತಿರುವುದರಿಂದ ಈ ಸಲ ಎಡಗೈ, ಮುಂದಿನ ಸಲ ಬಲಗೈ ಅಂತ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದಾಳೆ. ರಿಪೋರ್ಟಿನ ಕೆಳಗೆ ಹಿಂದಿನ ಸಲದ ನಂಬರನ್ನೂ ಹಾಕಿ ಕೊಡುತ್ತಾರೆ, ಏರಿದೆಯೋ ಇಳಿದಿದೆಯೋ ಒಂದೇ ನೋಟಕ್ಕೆ ಕಾಣುತ್ತದೆ. ಹೋದ ಸಲ ಪ್ಲೇಟ್‌ಲೆಟ್ 58,000 ಇತ್ತು, ಹೊರಗಿನಿಂದ ಏರಿಸದೆಯೇ.

ಕೊರತೆಗಳನ್ನೂ ಹೇಳಬೇಕು. ದೊಡ್ಡ ಕೊರತೆ ಮೆಟ್ಟಿಲು. ಲಿಫ್ಟ್ ಇಲ್ಲ. ಹಿಮೋಗ್ಲೋಬಿನ್ 7 ಇದ್ದವರಿಗೆ ಒಂದು ಮಹಡಿ ಹತ್ತುವುದು ಸಣ್ಣ ಮಾತಲ್ಲ, ಮಗಳು ಮೊದಲ ಸಲ ನಡುವೆ ಕೂತುಬಿಟ್ಟಿದ್ದಳು. ಫೋನ್ ಮಾಡಿದರೆ ಹುಡುಗಿ ಕೆಳಗೆ ಬಂದು ಆಟೋದಲ್ಲೇ ರಕ್ತ ತೆಗೆದುಕೊಂಡು ಹೋಗುತ್ತಾಳೆ. ಆದರೆ ಈ ಸೌಲಭ್ಯ ಇದೆ ಅಂತ ಬೋರ್ಡಿನಲ್ಲಿ ಎಲ್ಲೂ ಬರೆದಿಲ್ಲ. ಬರೆಯಲೇಬೇಕು. ಕೆಳಗೆ ಔಷಧಿ ಅಂಗಡಿಯ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಸಿದರೂ ಆದೀತು. ಭಾನುವಾರ ರಜೆ, ಅದು ಸರಿ, ಆದರೆ ಹಬ್ಬದ ರಜೆ ಇದ್ದಾಗ ಹಿಂದಿನ ದಿನ ಮೆಸೇಜ್ ಹಾಕಿದರೆ ದೂರದಿಂದ ಬರುವವರಿಗೆ ಅನುಕೂಲ. ಗದಗ, ಹಾವೇರಿ ಕಡೆಯಿಂದಲೂ ಇಲ್ಲಿಗೆ ಜನ ಬರುವುದನ್ನು ನೋಡಿದ್ದೇನೆ. ರಿಪೋರ್ಟ್ ಇಂಗ್ಲಿಷಿನಲ್ಲಷ್ಟೇ ಇರುತ್ತದೆ. ಮೇಡಂ ಫೋನಿನಲ್ಲಿ ಕನ್ನಡದಲ್ಲಿ ಹೇಳಿದ್ದನ್ನು ನಾಲ್ಕು ಸಾಲು ಕೆಳಗೆ ಬರೆದು ಕೊಟ್ಟರೆ ನಮ್ಮಂಥವರಿಗೆ ಬಹಳ ಉಪಕಾರ. ಸ್ಲೈಡ್ ನೋಡುವ ಟೆಸ್ಟಿದ್ದರೆ ರಿಪೋರ್ಟ್ ಸಂಜೆಗೇ ಸಿಗುವುದು, ಅರ್ಧ ಗಂಟೆಯಲ್ಲಿ ಬೇಕು ಅನ್ನುವವರಿಗೆ ಇದು ಸರಿಬರಲಿಕ್ಕಿಲ್ಲ.

ಸೈಕ್ಲೋಸ್ಪೋರಿನ್ ತೆಗೆದುಕೊಳ್ಳುವವರು ಅದರ ಮಟ್ಟ ನೋಡಿಸಬೇಕಿದ್ದರೆ, ಬೆಳಗಿನ ಮಾತ್ರೆ ನುಂಗುವ ಮೊದಲೇ ಬಂದು ರಕ್ತ ಕೊಡಬೇಕು, ಮಾತ್ರೆ ಜೊತೆಗೆ ತಂದು ಆಮೇಲೆ ನುಂಗಬೇಕು. ಆ ಸ್ಯಾಂಪಲ್ಲನ್ನು ಇಲ್ಲಿಂದ ಬೆಂಗಳೂರಿಗೆ ಕಳಿಸುತ್ತಾರೆ, ರಿಪೋರ್ಟ್ ಬರುವುದು ತಡ. ಸಿಬಿಸಿ ಮಾಡಿಸಲು ಬರುವವರು, ಮೂರು ನಂಬರೂ ಕಡಿಮೆ ಅಂತ ಎಲ್ಲಾದರೂ ಬಂದಿದ್ದರೆ, ಸ್ಲೈಡ್ ಕೂಡ ನೋಡಿ ಅಂತ ಕೌಂಟರಿನಲ್ಲಿ ಬಾಯಿಬಿಟ್ಟು ಹೇಳಿ. ಹಳೆಯ ರಿಪೋರ್ಟ್ ಎಷ್ಟೇ ಹಳೆಯದಿದ್ದರೂ ಜೊತೆಗೆ ತನ್ನಿ, ಮೇಡಂ ಮೊದಲು ಕೇಳುವುದು ಅದನ್ನೇ.